ಮಾರಿನಲ್ಲಿ ಬರೆದದ್ದು, ಗೇಣಿನಲ್ಲಿ ಓದಿದ್ದು: ಹಳೇ ಕಂಪ್ಯೂಟರಿಗೆ ಸಾಟಾ ಕಾರ್ಡ್ ಹಾಕಿದ ಒಂದು ಪ್ರಕರಣ

ಹಳೇ ಬಾಗಲಕೋಟೆಯ ವೆಂಕಟಪೇಟೆ ಕಡೆ ಒಂದು ಫೋಟೋ ಸ್ಟುಡಿಯೋ ಇದೆ. ನಡೆಸುವವರನ್ನು ನಾವೆಲ್ಲ ಕಾಕಾ ಅನ್ನುತ್ತೇವೆ. ನನಗೆ ರಕ್ತ ಸಂಬಂಧವೇನಿಲ್ಲ, ಅವರು ಇಡೀ ಓಣಿಗೇ ಕಾಕಾ. ನಾನು ವಿದ್ಯಾಗಿರಿ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ಬೇಸಿಗೆಯ ಒಂದು ಮಧ್ಯಾಹ್ನ ಅವರ ಫೋನ್ ಬಂತು.

"ತಮ್ಮಾ, ಡಿಸ್ಕ್ ತುಂಬೇತಿ. ಹೊರಗಿನ ಎರಡೂ ಡಿಸ್ಕ್ ಒಳಗ ಹಾಕಿಕೊಡು. ಭಾಳ ಕೆಲಸ ಇಲ್ಲ."

ಭಾಳ ಕೆಲಸ ಇಲ್ಲ ಅನ್ನುವ ಮಾತಿಗೆ ನಾನು ಈಗ ಹೆದರುತ್ತೇನೆ. ಒಂದು ತಾಸಿನಲ್ಲಿ ಮುಗಿಸಿ ಊಟಕ್ಕೆ ಬರುತ್ತೇನೆ ಅಂತ ಮನೆಯಲ್ಲಿ ಹೇಳಿ ಹೋದೆ. ಕೆಲಸ ಮುಗಿದದ್ದು ಒಂಬತ್ತನೇ ದಿನ. ಅದರಲ್ಲಿ ಕಾರ್ಡ್ ಕೂರಿಸಲು ಹಿಡಿದದ್ದು ಹತ್ತು ನಿಮಿಷ.

ಯಂತ್ರ ಮತ್ತು ಕಪಾಟು

ಕಂಪ್ಯೂಟರ್ ಹಳೆಯದು. ಇಂಟೆಲ್ ಎಚ್61 ಚಿಪ್‌ಸೆಟ್‌ನ ಮದರ್‌ಬೋರ್ಡ್, ಮೂರನೇ ಪೀಳಿಗೆಯ ಐ3 ಪ್ರೊಸೆಸರ್. ಈ ಚಿಪ್‌ಸೆಟ್ ಕೊಡುವುದೇ ನಾಲ್ಕು ಸಾಟಾ ಪೋರ್ಟ್, ಅಂದರೆ ಡಿಸ್ಕ್‌ನ ಕೇಬಲ್ ಚುಚ್ಚುವ ಜಾಗ. ಯುಎಸ್‌ಬಿ 3 ಅದರಲ್ಲಿಲ್ಲ. ನಾಲ್ಕೂ ಪೋರ್ಟ್ ಭರ್ತಿಯಾಗಿದ್ದವು. ವಿಂಡೋಸ್ 10 ಇರುವ ಒಂದು ಎಸ್‌ಎಸ್‌ಡಿ, 2 ಟಿಬಿಯ ಎರಡು ಹಾರ್ಡ್‌ಡಿಸ್ಕ್, ಒಂದು ಡಿವಿಡಿ ರೈಟರ್. ರೈಟರ್ ತೆಗೆಯೋಣ ಅಂದರೆ ಆಗುವುದಿಲ್ಲ. ಪೆನ್‌ಡ್ರೈವ್ ಬೇಡ, ಲಗ್ನದ ಡಿವಿಡಿಯೇ ಬೇಕು ಅನ್ನುವ ಹಿರಿಯರು ಇನ್ನೂ ಬರುತ್ತಾರಂತೆ.

"ಇದನ್ನ ಬಿಡ್ರಿ ಕಾಕಾ, ಹೊಸಾದು ತೊಗೋರಿ" ಅಂದೆ. ಯಾರಾದರೂ ಹಾಗೇ ಅನ್ನುತ್ತಿದ್ದರು, ಅಲ್ವಾ?

ಕಾಕಾ ಏನೂ ಹೇಳದೆ ಕಪಾಟಿನ ಬಾಗಿಲು ತೆಗೆದರು. ಒಳಗೆ ಮಿನಿ ಡಿವಿ ಕ್ಯಾಸೆಟ್‌ಗಳು. ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡವು. ಒಟ್ಟು 300. ಪ್ರತಿಯೊಂದರ ಬೆನ್ನಿಗೂ ಬಾಲ್‌ಪೆನ್ನಿನಲ್ಲಿ ಬರೆದ ಚೀಟಿ. ಅರ್ಧಕ್ಕರ್ಧ ಲಗ್ನದವು. ಉಳಿದವು ಜಾತ್ರೆ, ಹೋಳಿ ಹಬ್ಬದ ಬಣ್ಣದ ಬಂಡಿ, ಹಲಗಿ ಮೇಳ. ಒಂದು ಸಾಲಿನ ಮೇಲೆ ಮಾತ್ರ "ಮನಿಗೋಳು" ಅಂತ ಬರೆದಿತ್ತು. ಆಲಮಟ್ಟಿಯ ಹಿನ್ನೀರು ಊರಿನ ತಗ್ಗಿನ ಓಣಿಗಳಿಗೆ ಬರುತ್ತದೆ ಅಂತ ಖಾತ್ರಿಯಾದಾಗ ಜನ ನವನಗರಕ್ಕೆ ಹೋಗತೊಡಗಿದರು. ಹೋಗುವ ಮುಂಚೆ ಕೆಲವರು ಕಾಕಾನನ್ನು ಕರೆದು ತಮ್ಮ ಮನೆಯ ವಿಡಿಯೋ ಮಾಡಿಸಿಕೊಂಡರು. ಪಡಸಾಲೆ, ಅಡುಗೆ ಮನೆ, ಹಿತ್ತಲ ಬಾವಿ. ಆ ಮನೆಗಳು ಈಗ ಇಲ್ಲ. ಆ ಸಾಲಿನಲ್ಲಿ ಕಾಕಾನ ಸ್ವಂತ ಮನೆಯ ಕ್ಯಾಸೆಟ್ಟೂ ಇದೆ.

ಈ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಲು ಫೈರ್‌ವೈರ್ ಬೇಕು, ವಿಡಿಯೋ ಕ್ಯಾಮೆರಾ ಜೋಡಿಸುವ ಹಳೇ ಬಗೆಯ ಕೇಬಲ್. ಯುಎಸ್‌ಬಿ ಕೇಬಲ್‌ನಿಂದ ಅವರ ಕ್ಯಾಮೆರಾದ ಡಿವಿ ಬರುವುದಿಲ್ಲ. ಕಾಕಾನ ಫೈರ್‌ವೈರ್ ಕಾರ್ಡ್ ಹಳೇ ಪಿಸಿಐ ಸ್ಲಾಟ್‌ನದು. ಈಗಿನ ಬೋರ್ಡ್‌ಗಳಲ್ಲಿ ಆ ಸ್ಲಾಟ್ ಹುಡುಕುವುದೇ ಕಷ್ಟ. ಕ್ಯಾಮೆರಾ, ಕಾರ್ಡ್, ಸಾಫ್ಟ್‌ವೇರ್ ಮೂರೂ ಈ ಒಂದು ಯಂತ್ರದಲ್ಲಿ ಹೊಂದಿಕೊಂಡು ನಡೆಯುತ್ತಿವೆ. ನಡೆಯುವುದನ್ನು ಯಾಕೆ ಕೆದಕಬೇಕು? ಹೊಸ ಕಂಪ್ಯೂಟರಿನ ಮಾತು ಅಲ್ಲಿಗೇ ಬಿಟ್ಟೆ.

ಡಿವಿ ಕ್ಯಾಸೆಟ್ ಓಡುವ ವೇಗದಲ್ಲೇ ಇಳಿಯಬೇಕು. ಒಂದು ತಾಸಿನ ಕ್ಯಾಸೆಟ್‌ಗೆ ಒಂದು ತಾಸು. ಅವಸರ ಮಾಡಲು ದಾರಿಯೇ ಇಲ್ಲ. ಸೆಕೆಂಡಿಗೆ ಸುಮಾರು 3.6 ಎಂಬಿ, ಅಂದರೆ ತಾಸಿಗೆ 13 ಜಿಬಿ. ಕಾಕಾ ಮತ್ತು ಅವರ ಮಗ ಸೇರಿ ಒಂದೂವರೆ ವರ್ಷದಲ್ಲಿ 240 ಕ್ಯಾಸೆಟ್ ಇಳಿಸಿದ್ದರು. ಸುಮಾರು 3.1 ಟಿಬಿ. ಇಪ್ಪತ್ತೆರಡು ಕ್ಯಾಸೆಟ್ ಓಡಲೇ ಇಲ್ಲ. ಚಿತ್ರದ ಬದಲು ಬರೀ ಚೌಕಳಿ. ಇನ್ನೂ ಮೂವತ್ತೆಂಟು ಬಾಕಿ ಇದ್ದವು.

ಇಳಿಸಿದ್ದೆಲ್ಲ ಇದ್ದದ್ದು 4 ಟಿಬಿಯ ಒಂದು ಎಕ್ಸ್‌ಟರ್ನಲ್ ಡಿಸ್ಕ್‌ನಲ್ಲಿ. ಮೇಜಿನ ಮೇಲೆ ನಿಲ್ಲಿಸಿ ಬೇರೆ ಅಡಾಪ್ಟರ್ ಚುಚ್ಚುವ ಜಾತಿಯದು. ಕಾಪಿಗೆ ಅಂತ ಅದೇ ಥರದ ಇನ್ನೊಂದು ತಂದಿಟ್ಟಿದ್ದರು. ಆದರೆ ಯುಎಸ್‌ಬಿ 2 ಪೋರ್ಟ್‌ನಲ್ಲಿ ಸೆಕೆಂಡಿಗೆ 35 ಎಂಬಿ ದಾಟುವುದಿಲ್ಲ. 3.1 ಟಿಬಿ ಒಂದು ಕಡೆಯಿಂದ ಇನ್ನೊಂದು ಕಡೆ ಹೋಗಲು ಒಂದು ಹಗಲು ಒಂದು ರಾತ್ರಿ. ಎರಡೂ ಡಬ್ಬಿ ಅದೇ ಯುಎಸ್‌ಬಿಯಲ್ಲಿ ಕೂತರೆ ಅದಕ್ಕಿಂತ ಜಾಸ್ತಿ. ಎರಡು ಸಲ ಶುರು ಮಾಡಿ ಎರಡು ಸಲವೂ ನಡುವೆ ಕರೆಂಟ್ ಹೋಗಿ ಬಿಟ್ಟಿದ್ದರು. ಅದಕ್ಕೇ ಒಳಗೆ ಹಾಕಬೇಕು ಅನ್ನುವ ಯೋಚನೆ.

ಕಾರ್ಡ್ ಆರಿಸಿದ್ದು

ಮಗ ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಕೇಳಿಕೊಂಡು ಬಂದಿದ್ದ. "ಅಣ್ಣಾ, ರೇಡ್ ಕಾರ್ಡ್ ಹಾಕ್ರಿ ಅಂತಾರ. ಎರಡೂ ಡಿಸ್ಕಿಗೂ ತಾನಾ ಬರೀತೈತಂತ."

ಬರೆಯುತ್ತದೆ, ನಿಜ. ನಾನು ಬೇಡ ಅಂದದ್ದು ಬೇರೆ ಕಾರಣಕ್ಕೆ. ರೇಡ್ ಕಾರ್ಡ್ ಡಿಸ್ಕ್‌ನ ಮೇಲೆ ತನ್ನದೇ ಗುರುತು ಬರೆದುಕೊಳ್ಳುತ್ತದೆ. ಎಲ್ಲಿ ಏನಿದೆ ಅನ್ನುವ ಲೆಕ್ಕ ಅದರ ಕೈಯಲ್ಲಿರುತ್ತದೆ. ಹತ್ತು ವರ್ಷದ ಮೇಲೆ ಕಾರ್ಡ್ ಸತ್ತರೆ ಅದೇ ಜಾತಿಯ ಕಾರ್ಡ್ ಹುಡುಕಿಕೊಂಡು ತಿರುಗಬೇಕಾಗಬಹುದು. ಮೇಲಾಗಿ ರೇಡ್ ಕಾಪಿ ಅಲ್ಲ. ಒಂದರಲ್ಲಿ ತಪ್ಪಿ ಅಳಿಸಿದರೆ ಇನ್ನೊಂದರಲ್ಲೂ ಆ ಕ್ಷಣವೇ ಅಳಿಯುತ್ತದೆ. ಸ್ಟುಡಿಯೋದ ಡಿಸ್ಕ್ ಬಿಚ್ಚಿ ಬೇರೆ ಯಾವ ಕಂಪ್ಯೂಟರಿಗೆ ಹಾಕಿದರೂ ಫೈಲ್ ತೆರೆಯಬೇಕು. ನನಗೆ ಬೇಕಾದದ್ದು ಇಷ್ಟೇ. ಅದಕ್ಕೆ ನಡುವೆ ಕೂತು ಬುದ್ಧಿವಂತಿಕೆ ತೋರಿಸದ ಕಾರ್ಡ್ ಬೇಕು. ಸುಮ್ನೆ ಆ ಕಡೆಯದನ್ನು ಈ ಕಡೆ ದಾಟಿಸುವ ಕಾರ್ಡ್.

ಸಾದಾ ಕಾರ್ಡ್‌ಗಳಲ್ಲೂ ಬಗೆ ಬಗೆ ಇವೆ. ಕೆಲವು ಹತ್ತು ಪೋರ್ಟ್ ತೋರಿಸುತ್ತವೆ, ಆದರೆ ಒಳಗಿನ ಮುಖ್ಯ ಚಿಪ್‌ಗೆ ಇರುವುದು ಎರಡೋ ನಾಲ್ಕೋ. ಉಳಿದದ್ದು ಪೋರ್ಟ್ ಮಲ್ಟಿಪ್ಲಯರ್, ಒಂದು ನಲ್ಲಿಗೆ ಐದು ಪೈಪ್ ಕಟ್ಟಿದ ಹಾಗೆ. ಒಂದು ಡಿಸ್ಕ್ ತಡವರಿಸಿದರೆ ಅದರ ಜೊತೆಗಿನವೂ ಕಾಯುತ್ತವೆ. ನಮಗೆ ಬೇಕಾದದ್ದು ಎರಡು ಪೋರ್ಟ್, ಮುಂದಕ್ಕೆ ಇನ್ನೆರಡು. ಎಎಸ್‌ಮೀಡಿಯಾದ ಎಎಸ್‌ಎಂ1064 ಚಿಪ್ ಇರುವ ಕಾರ್ಡ್ ತರಿಸಿದೆ. ನಾಲ್ಕೂ ಪೋರ್ಟ್ ಅದೇ ಚಿಪ್‌ನವು. ಬೆಲೆ ಎರಡು ಸಾವಿರದ ಆಸುಪಾಸು.

ಕಾರ್ಡ್ ಮದರ್‌ಬೋರ್ಡಿನ ಜೊತೆ ಮಾತಾಡುವ ದಾರಿಗೆ ಪಿಸಿಐ ಎಕ್ಸ್‌ಪ್ರೆಸ್ ಅನ್ನುತ್ತಾರೆ. ಆ ಚಿಪ್ ಅದರ 3ನೇ ಪೀಳಿಗೆಯ ಒಂದು ಲೇನ್‌ನದು. ಕಾಕಾನ ಬೋರ್ಡ್‌ನ ಚಿಕ್ಕ ಸ್ಲಾಟ್ 2ನೇ ಪೀಳಿಗೆಯದು. ಕಾರ್ಡ್ ಕೂರುತ್ತದೆ, ಆದರೆ ಸ್ಲಾಟ್‌ನ ವೇಗಕ್ಕೆ ಇಳಿಯುತ್ತದೆ. ಕಾಗದದ ಮೇಲೆ ಸೆಕೆಂಡಿಗೆ 500 ಎಂಬಿ, ಕೈಗೆ ಸಿಗುವುದು 400ರ ಹತ್ತಿರ. ಈ ಹಾರ್ಡ್‌ಡಿಸ್ಕ್‌ಗಳು ಓಡುವುದೇ 150ರಿಂದ 180ರಲ್ಲಿ. ಪಿಸಿಐ ಎಕ್ಸ್‌ಪ್ರೆಸ್‌ನಲ್ಲಿ ಹೋಗುವ ದಾರಿ ಬೇರೆ, ಬರುವ ದಾರಿ ಬೇರೆ. ಒಂದರಿಂದ ಓದಿ ಇನ್ನೊಂದಕ್ಕೆ ಬರೆಯುವಾಗ ಒಂದಕ್ಕೊಂದು ಅಡ್ಡ ಬರುವುದಿಲ್ಲ. ನಾಲ್ಕು ಎಸ್‌ಎಸ್‌ಡಿ ಹಾಕುವವರಿಗೆ ಇದು ಸಾಲದು. ಕಾಕಾನಿಗೆ ಧಾರಾಳ.

465

ಕಾರ್ಡ್ ಬಂದ ದಿನ ಹೋದೆ. ಕ್ಯಾಬಿನೆಟ್ ಬಿಚ್ಚಿ, ಬ್ಲೋವರ್ ಹಿಡಿದು ಧೂಳು ಊದಿ, ಕಾರ್ಡ್ ಕೂರಿಸಿದೆ. ಕಂಪ್ಯೂಟರ್ ಶುರುವಾಯಿತು. ವಿಂಡೋಸ್ ಇಂಥ ಸಾಟಾ ಕಾರ್ಡ್‌ಗಳಿಗೆ ಅಂತ ತನ್ನಲ್ಲೇ ಇರುವ ಎಎಚ್‌ಸಿಐ ಡ್ರೈವರ್ ಹಾಕಿಕೊಂಡಿತು. ಸಿಡಿ ಬೇಡ, ಡೌನ್‌ಲೋಡ್ ಬೇಡ.

ಡಬ್ಬಿ ಒಡೆಯುವ ಮುಂಚೆ ಕೇಳಿದೆ. ಕೇಳಿದ್ದೆ ಅನ್ನುವುದೊಂದೇ ನನ್ನ ಸಮಾಧಾನ. "ಕಾಕಾ, ಇದರಾಗ ಇದ್ದದ್ದರ ಕಾಪಿ ಐತೇನ್ರಿ?"

"ಐತಲ್ಲೋ ತಮ್ಮಾ, ಎಲ್ಲಾ ಐತಿ."

ಹಳೇ ಎಟಿಎಂ ಕಾರ್ಡ್ ತೂರಿಸಿ ಎರಡೂ ಪ್ಲಾಸ್ಟಿಕ್ ಡಬ್ಬಿ ತೆಗೆದೆ. ಒಳಗೆ ಸಾದಾ ಸಾಟಾ ಹಾರ್ಡ್‌ಡಿಸ್ಕ್. ಅದರ ತುದಿಗೆ ಬೆರಳುದ್ದದ ಒಂದು ಹಸಿರು ಬೋರ್ಡ್. ಒಂದು ಕಡೆ ಸಾಟಾ, ಇನ್ನೊಂದು ಕಡೆ ಯುಎಸ್‌ಬಿ. ಬೋರ್ಡ್ ಎಳೆದು ಪಕ್ಕಕ್ಕಿಟ್ಟು, ಡಿಸ್ಕ್‌ಗಳನ್ನು ಕಾರ್ಡಿಗೆ ಜೋಡಿಸಿ ಆನ್ ಮಾಡಿದೆ.

ವಿಂಡೋಸ್‌ಗಿಂತ ಮೊದಲು ಏಳುವ ಬಯಾಸ್‌ನಲ್ಲಿ ಡಿಸ್ಕ್ ಕಾಣಲಿಲ್ಲ. ಮಗ ಗಾಬರಿಯಾದ. ಅದು ದೊಡ್ಡ ವಿಷಯ ಅಲ್ಲ. ಇಂಥ ಎಷ್ಟೋ ಕಾರ್ಡ್‌ಗಳ ಡಿಸ್ಕ್ ಬಯಾಸ್ ಪಟ್ಟಿಗೆ ಬರುವುದಿಲ್ಲ, ವಿಂಡೋಸ್ ಬಂದ ಮೇಲೆ ಬರುತ್ತವೆ. ಬಂದವು ಕೂಡ. ಜೊತೆಗೆ ಒಂದು ಕಿಟಕಿಯೂ ಬಂತು. ಡಿಸ್ಕ್ ಬಳಸಬೇಕಾದರೆ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ?

ಮಗನ ಕೈ ಮೌಸ್ ಮೇಲಿತ್ತು. ಅವನ ಮಣಿಕಟ್ಟು ಹಿಡಿದುಕೊಂಡೆ.

ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ನೋಡಿದೆ. 4 ಟಿಬಿಯ ಡಿಸ್ಕ್ ವಿಂಡೋಸ್ ಲೆಕ್ಕದಲ್ಲಿ 3726 ಜಿಬಿ. ಅಷ್ಟೂ ಕಾಣುತ್ತಿತ್ತು. ಆದರೆ ಅದರೊಳಗಿನ ಪಾರ್ಟಿಷನ್, ಅಂದರೆ ಫೈಲ್‌ಗಳಿಗೆ ಅಂತ ಗೆರೆ ಹಾಕಿಟ್ಟ ಭಾಗ, ಮಾತ್ರ 465.75 ಜಿಬಿ. ಫೈಲ್ ಸಿಸ್ಟಮ್ ಇರಬೇಕಾದ ಜಾಗದಲ್ಲಿ "ರಾ" ಅಂತ ಬರೆದಿತ್ತು, ಅಂದರೆ ವಿಂಡೋಸ್‌ಗೆ ಗುರುತು ಸಿಕ್ಕಿಲ್ಲ. ಉಳಿದದ್ದೆಲ್ಲ ಖಾಲಿ ಜಾಗ.

465 ಅನ್ನುವ ಅಂಕಿ ಕಂಪ್ಯೂಟರಿನವರಿಗೆ ಹೊಸದಲ್ಲ. 500 ಜಿಬಿ ಡಿಸ್ಕ್ ವಿಂಡೋಸ್‌ನಲ್ಲಿ ತೋರಿಸುವುದು ಅಷ್ಟೇ. ಮಗನಿಗೂ ಅದು ಗೊತ್ತಿತ್ತು. "ಅಣ್ಣಾ, ಅಂಗಡಿಯಾಂವ ಮೋಸ ಮಾಡ್ಯಾನ. 500ರ ಡಿಸ್ಕಿಗೆ 4 ಟಿಬಿ ಚೀಟಿ ಹಚ್ಚಿ ಕೊಟ್ಟಾನ." ಮಾತಿನಲ್ಲಿ ಹುರುಳಿತ್ತು. ಅಂಥ ನಕಲಿ ಪೆನ್‌ಡ್ರೈವ್ ನಾನೇ ಎಷ್ಟೋ ನೋಡಿದ್ದೇನೆ. ಆದರೆ ಇದರಲ್ಲಿ 3.1 ಟಿಬಿ ತುಂಬಿ, ನಿನ್ನೆಯವರೆಗೂ ಫೈಲ್ ಓಡಿವೆ. 500 ಜಿಬಿಯಲ್ಲಿ ಅಷ್ಟು ಹಿಡಿಸುವುದು ಹೇಗೆ?

"ಕಾಕಾ, ಕಾಪಿ ಎಲ್ಲಿ ಇಟ್ಟೀರಿ?" ಅಂದೆ.

ಅವರು ಕಪಾಟು ತೋರಿಸಿದರು.

ಅಲ್ಲಿ ನನ್ನ ಕಾಲು ತಣ್ಣಗಾದವು. ಅವರ ಲೆಕ್ಕದಲ್ಲಿ ಕ್ಯಾಸೆಟ್ಟೇ ಅಸಲು, ಡಿಸ್ಕ್‌ನಲ್ಲಿ ಇರುವುದೇ ಕಾಪಿ. ನನ್ನ ಪ್ರಶ್ನೆಗೆ ಅವರು ಕೊಟ್ಟ ಉತ್ತರ ಅವರ ಮಟ್ಟಿಗೆ ಸರಿಯೇ. ಆದರೆ ಒಂದು ಸಲ ಇಳಿಸಿದ ಕ್ಯಾಸೆಟ್ ಇನ್ನೊಂದು ಸಲ ಓಡುತ್ತದೆ ಅನ್ನುವ ಖಾತ್ರಿ ಇಲ್ಲ. ಇನ್ನೂ 240 ತಾಸು ಓಡಲು ಆ ಕ್ಯಾಮೆರಾದ ಹೆಡ್‌ಗೆ ಶಕ್ತಿ ಇದೆಯೋ ಇಲ್ಲವೋ. ತಪ್ಪು ನನ್ನದು. "ಇನ್ನೊಂದು ಡಿಸ್ಕ್‌ನಲ್ಲಿ ಐತೇನು, ತೋರಸ್ರಿ" ಅನ್ನಬೇಕಿತ್ತು.

ಚಹಾ ಬಂತು. ಯಾರೂ ಮುಟ್ಟಲಿಲ್ಲ. ಕಂಪ್ಯೂಟರ್ ಆಫ್ ಮಾಡಿ ಯೋಚಿಸುತ್ತ ಕೂತೆ.

ಕೈ ಹಿಡಿದದ್ದು ಎರಡನೇ ಡಿಸ್ಕ್. ಅದರಲ್ಲಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ, ಕಂಪನಿ ಮಾಡಿಕೊಟ್ಟ ಫಾರ್ಮ್ಯಾಟ್ ಅಷ್ಟೇ. ಅದೂ 465.75 ತೋರಿಸುತ್ತಿತ್ತು. ಎರಡು ಡಿಸ್ಕ್ ಒಂದೇ ದಿನ, ಒಂದೇ ಅಂಕಿಗೆ ಕೆಡುವುದಿಲ್ಲ. 3726ನ್ನು 465.75ರಿಂದ ಭಾಗಿಸಿದೆ. ಎಂಟು. ಅಚ್ಚುಕಟ್ಟಾಗಿ ಎಂಟು. ಅಂದರೆ ಏನೂ ಕೆಟ್ಟಿಲ್ಲ, ಯಾರೋ ಬೇರೆ ಅಳತೆಯಲ್ಲಿ ಎಣಿಸುತ್ತಿದ್ದಾರೆ.

ಡಿಸ್ಕ್ ತನ್ನ ಜಾಗವನ್ನು ಸೆಕ್ಟರ್‌ಗಳಲ್ಲಿ ಎಣಿಸುತ್ತದೆ. ಸಾಟಾ ಮೂಲಕ ಮಾತಾಡುವಾಗ ಇಂಥ ಡಿಸ್ಕ್ ಒಂದು ಸೆಕ್ಟರ್ ಅಂದರೆ 512 ಬೈಟ್ ಅನ್ನುತ್ತದೆ. ಹಳೇ ಎಂಬಿಆರ್ ಪದ್ಧತಿಯ ಪಾರ್ಟಿಷನ್ ಪಟ್ಟಿಯಲ್ಲಿ ಸೆಕ್ಟರ್ ಸಂಖ್ಯೆಗೆ 32 ಬಿಟ್ ಜಾಗ. 512ರ ಲೆಕ್ಕದಲ್ಲಿ ಅದು 2.2 ಟಿಬಿಗೆ ಮುಗಿಯುತ್ತದೆ. ಅದಕ್ಕಿಂತ ದೊಡ್ಡ ಡಿಸ್ಕ್‌ಗೆ ಜಿಪಿಟಿ ಅನ್ನುವ ಹೊಸ ಪದ್ಧತಿ ಬೇಕು. ಆದರೆ ಎಷ್ಟೋ ಮನೆಗಳಲ್ಲಿದ್ದ 32 ಬಿಟ್‌ನ ವಿಂಡೋಸ್ ಎಕ್ಸ್‌ಪಿಗೆ ಜಿಪಿಟಿ ಡಿಸ್ಕ್ ಓದಲು ಬರುತ್ತಿರಲಿಲ್ಲ. ಎಕ್ಸ್‌ಟರ್ನಲ್ ಡಿಸ್ಕ್ ಮಾಡುವವರು ಒಂದು ಉಪಾಯ ಹುಡುಕಿದರು. ಡಬ್ಬಿಯೊಳಗಿನ ಆ ಹಸಿರು ಬೋರ್ಡ್ ಎಂಟೆಂಟು ಸೆಕ್ಟರ್ ಗಂಟು ಕಟ್ಟಿ, ಕಂಪ್ಯೂಟರಿಗೆ "ನನ್ನ ಒಂದು ಸೆಕ್ಟರ್ ಅಂದರೆ 4096 ಬೈಟ್" ಅಂತ ಹೇಳುತ್ತದೆ. ಆಗ ಅದೇ ಎಂಬಿಆರ್ 17.6 ಟಿಬಿವರೆಗೂ ಸಾಲುತ್ತದೆ. ಡಬ್ಬಿಯಲ್ಲಿ ಇರುವವರೆಗೆ ಎಲ್ಲ ಸರಿ. ಬೋರ್ಡ್ ಕಿತ್ತು ಡಿಸ್ಕನ್ನು ನೇರ ಸಾಟಾಕ್ಕೆ ಹಾಕಿದರೆ ಪಟ್ಟಿಯಲ್ಲಿರುವ ಅಂಕಿ ಅವೇ, ಅಳತೆ ಮಾತ್ರ ಬೇರೆ.

ಇದನ್ನು ಕಾಕಾನಿಗೆ ಅರ್ಧ ಹೇಳಿರಲಿಲ್ಲ, ಅವರೇ ಮುಗಿಸಿದರು. "ಅಂದ್ರ ಮಾರಿನ್ಯಾಗ ಬರದಿಟ್ಟದ್ದನ್ನ ಗೇಣಿನ್ಯಾಗ ಅಳದಂಗ ಆತು."

ನಾನು ಅವರ ಮುಖ ನೋಡಿದೆ. ಎರಡು ಗೇಣು ಒಂದು ಮೊಳ, ನಾಲ್ಕು ಮೊಳ ಒಂದು ಮಾರು. ಮಾರಿಗೆ ಎಂಟು ಗೇಣು. ಅಜ್ಜ "ಬಾವಿಯಿಂದ 256 ಮಾರು" ಅಂತ ಚೀಟಿ ಬರೆದಿಟ್ಟರೆ, ಮೊಮ್ಮಗ 256 ಗೇಣು ಅಳೆದು ಅಗೆದು, ಇಲ್ಲಿ ಏನೂ ಇಲ್ಲ ಅನ್ನುತ್ತಾನೆ. ಕಂಪ್ಯೂಟರ್ ಪುಸ್ತಕಗಳಲ್ಲಿ ಇದಕ್ಕಿಂತ ಒಳ್ಳೆಯ ವಿವರಣೆ ನಾನು ಓದಿಲ್ಲ.

ಚೀಟಿಯನ್ನೂ ನೋಡಿಯೇಬಿಡೋಣ ಅಂತ, ಒಂದೊಂದು ಬೈಟನ್ನೂ ತೋರಿಸುವ ಹೆಕ್ಸ್ ಎಡಿಟರ್‌ನಲ್ಲಿ ಡಿಸ್ಕ್ ತೆರೆದೆ. ಓದಲಿಕ್ಕೆ ಮಾತ್ರ. ಒಂದು ಅಕ್ಷರವೂ ಬರೆಯದ ಹಾಗೆ. ಮೊದಲ ಸೆಕ್ಟರ್‌ನಲ್ಲಿ ಪಾರ್ಟಿಷನ್ ಶುರುವಾಗುವ ಜಾಗ 256 ಅಂತಲೇ ಇತ್ತು. 256ನ್ನು 512ರಿಂದ ಗುಣಿಸಿದರೆ 1,31,072ನೇ ಬೈಟ್. ಅಲ್ಲಿ ಬರೀ ಸೊನ್ನೆ. 4096ರಿಂದ ಗುಣಿಸಿದರೆ 10,48,576. ಸರಿಯಾಗಿ ಒಂದು ಎಂಬಿ. ಅಲ್ಲಿಗೆ ಹೋದೆ. ಎನ್‌ಟಿಎಫ್‌ಎಸ್ ಅನ್ನುವ ನಾಲ್ಕು ಅಕ್ಷರ ಕೂತಿದ್ದವು, ವಿಂಡೋಸ್‌ನ ಫೈಲ್ ಸಿಸ್ಟಮ್‌ನ ಹೆಸರು.

ಆಮೇಲೆ ಚಹಾ ಕುಡಿದೆವು. ತಣ್ಣಗಾಗಿತ್ತು.

ಈ ಪ್ರಕರಣದಲ್ಲಿ ನನ್ನನ್ನು ಇನ್ನೂ ಕಾಡುವುದು ಇದೇ. ರೇಡ್ ಕಾರ್ಡ್ ನಡುವೆ ಕೂತು ತನ್ನ ಲೆಕ್ಕ ಬರೆಯುತ್ತದೆ ಅಂತ ಅದನ್ನು ಬೇಡ ಅಂದೆ. ಅಂಥದ್ದೇ ಒಬ್ಬ ನಡುವಿನವನು ಆಗಲೇ ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಂದೂವರೆ ವರ್ಷದಿಂದ ಕೂತಿದ್ದ. ಅವನನ್ನು ನಾನು ಬರೀ ಕೇಬಲ್ ಅಂದುಕೊಂಡೆ. ನೋಡಲು ಒಂದು ನಿಮಿಷ ಸಾಕಿತ್ತು. ಡಬ್ಬಿ ಒಡೆಯುವ ಮುಂಚೆ ವಿಂಡೋಸ್‌ನ ಸಿಸ್ಟಮ್ ಇನ್ಫರ್ಮೇಶನ್‌ನಲ್ಲಿ ಡಿಸ್ಕ್‌ನ ಸಾಲು ತೆರೆದರೆ ಒಂದು ಸೆಕ್ಟರ್‌ಗೆ ಎಷ್ಟು ಬೈಟ್ ಅಂತ ಇರುತ್ತದೆ. 4096 ಅಂತ ಕಂಡರೆ ಆ ಡಿಸ್ಕ್ ನೇರ ಸಾಟಾಕ್ಕೆ ಹೋದಾಗ ಓದದೇ ಇರಬಹುದು. ಕೆಲವು ಡಬ್ಬಿಗಳ ಬೋರ್ಡ್ ಇನ್ನೂ ಮುಂದೆ ಹೋಗಿ ಎಲ್ಲವನ್ನೂ ಗೂಢಲಿಪಿ ಮಾಡಿ ಬರೆಯುತ್ತದೆ. ಅಂಥದ್ದರಲ್ಲಿ ಬೋರ್ಡ್ ಕಳೆದರೆ ಡಿಸ್ಕ್ ಇದ್ದೂ ಇಲ್ಲದ ಹಾಗೆ. ನಮ್ಮದು ಆ ಜಾತಿಯದಲ್ಲ, ಪುಣ್ಯ.

ಅಂದ ಹಾಗೆ ಬೋರ್ಡ್ ಎಲ್ಲಿ? ಒಂದು ಮೇಜಿನ ಮೇಲಿತ್ತು. ಇನ್ನೊಂದನ್ನು ಮಗ ಆಗಲೇ ಕಸದ ಬುಟ್ಟಿಗೆ ಹಾಕಿದ್ದ. ಹೆಕ್ಕಿ ತೆಗೆದು, ಒರೆಸಿ, ಎರಡನ್ನೂ ಜೇಬಿಗೆ ಹಾಕಿಕೊಂಡೆ.

ನಂತರದ ದಿನಗಳು

ಪಾರ್ಟಿಷನ್ ಪಟ್ಟಿಯ ಅಂಕಿಯನ್ನು ಎಂಟರಿಂದ ಗುಣಿಸಿ ತಿದ್ದಿದರೆ ಸಾಲದೇ ಅಂತ ಕೇಳಬಹುದು. ಸಾಲದು. ಎನ್‌ಟಿಎಫ್‌ಎಸ್ ತನ್ನೊಳಗೂ ಸೆಕ್ಟರ್ 4096 ಬೈಟ್ ಅಂತ ಬರೆದುಕೊಂಡಿರುತ್ತದೆ. 512ರ ಡಿಸ್ಕ್ ಮೇಲೆ ವಿಂಡೋಸ್ ಅದನ್ನು ತೆರೆಯುವುದಿಲ್ಲ. ಲಿನಕ್ಸ್‌ನಲ್ಲಿ ಲೂಪ್ ಡಿವೈಸ್ ಅನ್ನುವ ತೋರಿಕೆಯ ಡಿಸ್ಕ್‌ಗೆ 4096ರ ಲೆಕ್ಕ ಕೊಟ್ಟು ಓದಿಸಬಹುದು. ಆದರೆ ಮೂಲ ಬೋರ್ಡ್ ಕೈಯಲ್ಲೇ ಇರುವಾಗ ಸಾಹಸ ಯಾಕೆ? ಡಿಸ್ಕ್‌ಗೆ ಅದರ ಬೋರ್ಡ್ ಮತ್ತೆ ಸಿಕ್ಕಿಸಿ, ಅಡಾಪ್ಟರ್ ಚುಚ್ಚಿ ನೋಡಿದೆವು. 3726 ಜಿಬಿ ಪೂರಾ, ಎಲ್ಲ ಫೋಲ್ಡರ್ ಸಹಿತ. ಕಾಕಾ "ಮನಿಗೋಳು" ಫೋಲ್ಡರ್ ತೆರೆದು, ಎಣಿಸಿ, ಮುಚ್ಚಿದರು.

ಅದನ್ನು ನನ್ನ ಅಂಗಡಿಗೆ ಒಯ್ದೆ. ಅಲ್ಲಿ ಯುಎಸ್‌ಬಿ 3 ಇದೆ. ಎರಡನೇ ಡಿಸ್ಕನ್ನು ನನ್ನ ಕಂಪ್ಯೂಟರಿನ ಸಾಟಾಕ್ಕೆ ಹಾಕಿ, ಜಿಪಿಟಿ ಮಾಡಿ, ಹೊಸದಾಗಿ ಎನ್‌ಟಿಎಫ್‌ಎಸ್ ಫಾರ್ಮ್ಯಾಟ್ ಮಾಡಿದೆ. ಸೆಕೆಂಡಿಗೆ ಸರಾಸರಿ 130 ಎಂಬಿಯಂತೆ ಆರೂವರೆ ತಾಸು ದಾಟಿ ಕಾಪಿ ಮುಗಿಯಿತು. ಆಮೇಲೆ ಎರಡೂ ಕಡೆಯ ಪ್ರತಿ ಫೈಲ್‌ನ ಹ್ಯಾಶ್, ಅಂದರೆ ಫೈಲ್‌ನ ಬೆರಳಚ್ಚಿನಂಥ ಅಂಕಿ ಅಕ್ಷರಗಳ ಸಾಲು, ತೆಗೆದು ತಾಳೆ ನೋಡಿದೆ. ಅದಕ್ಕೊಂದು ರಾತ್ರಿ.

ಮೊದಲ ಡಿಸ್ಕ್ ಫಾರ್ಮ್ಯಾಟ್ ಮಾಡಲು ಇಷ್ಟು ಸಾಕು ಅಂತ ಮಗ ಹೇಳಿದ. ನಾನು ಒಪ್ಪಲಿಲ್ಲ. ಅದನ್ನು ಅಳಿಸಿದ ಗಳಿಗೆಯಿಂದ ಮತ್ತೆ ಕಾಪಿ ಮುಗಿಯುವವರೆಗೆ ಎಲ್ಲವೂ ಒಂದೇ ಡಿಸ್ಕ್‌ನಲ್ಲಿ ಇರುತ್ತದೆ. ಮೂರನೆಯದು ತರಿಸಿ ಅಂದೆ. ಕಾಕಾ ಗೊಣಗಿದರು. "ಎರಡು ಹಾಕು ಅಂದ್ರ ಮೂರು ತರಸ್ತಾನ ಇಂವ." ಆದರೂ ತರಿಸಿದರು. ಅದು ಬರಲು ಮೂರು ದಿನ, ಅದಕ್ಕೆ ಕಾಪಿ ಮಾಡಿ ತಾಳೆ ನೋಡಲು ಇನ್ನೊಂದು ದಿನ. ಆಮೇಲೆಯೇ ಮೊದಲ ಡಿಸ್ಕನ್ನು ಕಾಕಾನ ಕಂಪ್ಯೂಟರಿನಲ್ಲಿ, ಹೊಸ ಕಾರ್ಡಿನ ಮೇಲೆ, ಜಿಪಿಟಿ ಮಾಡಿ ಕೂರಿಸಿದ್ದು. ನನ್ನ ಅಂಗಡಿಯಲ್ಲಿ ತಯಾರಾದ ಎರಡನೇ ಡಿಸ್ಕ್ ಕಾರ್ಡ್‌ನಲ್ಲಿ ಸುಮ್ಮನೆ ತೆರೆದುಕೊಂಡಿತು. ಬೇಕಾಗಿದ್ದದ್ದು ಅದೇ.

ಇನ್ನು ಎರಡರ ನಡುವೆ ಕಾಪಿ. ಆರು ತಾಸಿನ ಕೆಲಸ. ಅರ್ಧ ತಾಸಿಗೆ ವೇಗ 140ರಿಂದ 20ಕ್ಕೆ ಬಿತ್ತು, ಒಂದು ನಿಮಿಷ ನಿಂತಿತು, ಮತ್ತೆ ಓಡಿತು. ವಿಂಡೋಸ್‌ನ ಈವೆಂಟ್ ಲಾಗ್‌ನಲ್ಲಿ 129ನೇ ನಂಬರಿನ ಎಚ್ಚರಿಕೆಗಳ ಸಾಲು, ಡಿಸ್ಕ್ ರೀಸೆಟ್ ಮಾಡಿದ್ದೇನೆ ಅಂತ. ಕಾರ್ಡ್ ಕೆಟ್ಟದ್ದು ಅಂತ ಬೈಯುವ ಮುಂಚೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದುಕೊಳ್ಳುವ ಸ್ಮಾರ್ಟ್ ಅಂಕಿ ನೋಡಿದೆ. 5 ಮತ್ತು 197ನೇ ಸಾಲು ಸೊನ್ನೆ. ಅಂದರೆ ತಟ್ಟೆಯ ಮೇಲೆ ಕೆಟ್ಟ ಜಾಗ ಕಂಡಿಲ್ಲ. 199ನೇ ಸಾಲು ಮಾತ್ರ 61. ಅದು ಸಿಆರ್‌ಸಿ ತಪ್ಪುಗಳ ಎಣಿಕೆ. ದಾರಿಯಲ್ಲಿ ಹಾಳಾಗಿ ಮತ್ತೆ ಕಳಿಸಬೇಕಾದ ಮಾತುಗಳು. ಅದು ಏರುತ್ತಿದ್ದರೆ ಮೊದಲು ಕೇಬಲ್ ನೋಡಬೇಕು. ನೋಡಿದರೆ ಡ್ರಾಯರ್‌ನಿಂದ ತೆಗೆದ ಹಳೇ ಕೆಂಪು ಕೇಬಲ್, ಕ್ಲಿಪ್ ಇಲ್ಲ, ತುದಿ ಸಡಿಲ. ಕ್ಲಿಪ್ ಇರುವ ಹೊಸ ಕೇಬಲ್ ಹಾಕಿದೆ. ಆ 61 ಮತ್ತೆ ಸೊನ್ನೆಗೆ ಇಳಿಯುವುದಿಲ್ಲ, ಅದು ಡಿಸ್ಕ್‌ನ ಜೀವಮಾನದ ಎಣಿಕೆ. 62 ಆಗುತ್ತದೋ ಇಲ್ಲವೋ ಅಂತ ನೋಡಬೇಕು, ಅಷ್ಟೇ. ಆಗಲಿಲ್ಲ.

ಕರೆಂಟಿನ ವಿಷಯ ಒಂದಿದೆ. ಕಂಪ್ಯೂಟರಿನ ಭಾಗಗಳಿಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್‌ನಲ್ಲಿ ಸಾಟಾ ಪವರ್ ಪ್ಲಗ್ ನಾಲ್ಕೇ. ಹೊಸ ಎರಡು ಡಿಸ್ಕ್‌ಗೆ ಮೊಲೆಕ್ಸ್ ಅನ್ನುವ ಹಳೇ ಬಗೆಯ ಪ್ಲಗ್‌ನಿಂದ ಕವಲು ಕೇಬಲ್ ಬೇಕಾಯಿತು. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವುದು ತುದಿಗೆ ಪ್ಲಾಸ್ಟಿಕ್ ಕರಗಿಸಿ ಹೊಯ್ದ ಜಾತಿ. ಒಳಗೆ ತಂತಿಗಳು ಒಂದಕ್ಕೊಂದು ಎಷ್ಟು ಹತ್ತಿರ ಇವೆ ಅಂತ ಕಾಣುವುದಿಲ್ಲ, ತಗಲಿ ಸುಟ್ಟ ಉದಾಹರಣೆಗಳಿವೆ. ಪ್ರತಿ ತಂತಿ ಬೇರೆ ಬೇರೆಯಾಗಿ ಒತ್ತಿ ಕೂರಿಸಿದ ಜಾತಿ ಕೇಳಿ ತಂದೆ. ಐವತ್ತು ರೂಪಾಯಿ ಜಾಸ್ತಿ. ಶುರುವಾಗುವಾಗ ಇಂಥ ಒಂದು ಹಾರ್ಡ್‌ಡಿಸ್ಕ್ 12 ವೋಲ್ಟ್‌ನಲ್ಲಿ ಎರಡು ಆಂಪಿಯರ್‌ವರೆಗೂ ಎಳೆಯಬಹುದು. ನಾಲ್ಕು ಸೇರಿದರೆ ಸುಮಾರು ನೂರು ವ್ಯಾಟ್. ಕಾಕಾನ 450 ವ್ಯಾಟ್‌ನ ಎಸ್‌ಎಂಪಿಎಸ್ ಅದನ್ನು ತಡೆಯಿತು. ಸೆಕೆಯದು ಬೇರೆ ತಲೆನೋವು. ಬಾಗಲಕೋಟೆಯ ಬೇಸಿಗೆ, ಖೋಲಿಗೆ ಎಸಿ ಇಲ್ಲ. ಕಾಪಿ ನಡೆಯುವಾಗ ನಡುವಿನ ಡಿಸ್ಕ್ 52 ಡಿಗ್ರಿ ಮುಟ್ಟಿತ್ತು. ಮುಂದುಗಡೆ 120 ಮಿಮೀ ಫ್ಯಾನ್ ಒಂದು ಕೂರಿಸಿ, ಡಿಸ್ಕ್‌ಗಳ ನಡುವೆ ಒಂದೊಂದು ಖಾನೆ ಬಿಟ್ಟ ಮೇಲೆ 44ಕ್ಕೆ ಇಳಿಯಿತು.

ಕ್ಯಾಸೆಟ್ ಇಳಿಸುವುದು ಈಗಲೂ ಬೋರ್ಡ್‌ನ ಸ್ವಂತ ಪೋರ್ಟ್‌ನಲ್ಲಿರುವ 2 ಟಿಬಿ ಡಿಸ್ಕ್‌ಗೇ. ಮೊದಲಿನಿಂದ ಫ್ರೇಮ್ ಬೀಳದೆ ನಡೆದ ದಾರಿ ಅದು, ಹಾಗೇ ಬಿಟ್ಟೆ. ವಾರಕ್ಕೊಮ್ಮೆ ಅಲ್ಲಿಂದ ಕಾರ್ಡಿನ ಎರಡೂ ಡಿಸ್ಕ್‌ಗೆ ಕಾಪಿ ಹೋಗುತ್ತದೆ. ಕೆಳಗೆ ಮೂಲೆಯಲ್ಲಿ ವಿಂಡೋಸ್ ಈಗ "ಸುರಕ್ಷಿತವಾಗಿ ತೆಗೆಯಿರಿ" ಚಿಹ್ನೆ ತೋರಿಸುತ್ತದೆ. ಕಾರ್ಡಿನ ಮೇಲಿನ ಡಿಸ್ಕ್‌ಗಳನ್ನು ಅದು ಪೆನ್‌ಡ್ರೈವ್‌ನಂತೆ ಕಿತ್ತುಕೊಳ್ಳಬಹುದಾದವು ಅಂದುಕೊಂಡಿದೆ. ಒತ್ತಬೇಡ ಅಂತ ಮಗನಿಗೆ ಹೇಳಿದ್ದೇನೆ. ಅವನು ಮಾನಿಟರ್‌ಗೆ ಚೀಟಿ ಅಂಟಿಸಿದ್ದಾನೆ.

ಮೂರನೇ ಡಿಸ್ಕ್ ನವನಗರದಲ್ಲಿ ಕಾಕಾನ ಮಗಳ ಮನೆಯ ಟ್ರಂಕಿನಲ್ಲಿದೆ. ಹಸಿರು ಬೋರ್ಡ್‌ಗಳೆರಡೂ ಲಕೋಟೆಯಲ್ಲಿ, ಕ್ಯಾಬಿನೆಟ್‌ನ ಒಳಬದಿಗೆ.

ಒಂಬತ್ತನೇ ದಿನ ಸಂಜೆ ಹ್ಯಾಶ್‌ಗಳೆಲ್ಲ ತಾಳೆಯಾಗಿವೆ ಅಂತ ತೋರಿಸಿದೆ. ಕಾಕಾನಿಗೆ ಆ ಅಂಕಿ ಅಕ್ಷರಗಳ ಮೇಲೆ ಭರವಸೆ ಬರಲಿಲ್ಲ. ತಾವೇ ಕೂತು ಹತ್ತು ಫೈಲ್ ಓಡಿಸಿದರು. ಬಣ್ಣದ ಬಂಡಿಯದೊಂದನ್ನು ಪೂರ್ತಿ ನೋಡಿದರು, ಮುಕ್ಕಾಲು ತಾಸು. "ಮನಿಗೋಳು" ಫೋಲ್ಡರ್‌ನಲ್ಲಿ ತಮ್ಮ ಮನೆಯದನ್ನು ತೆರೆದು, ಹೊಸ್ತಿಲು ಕಾಣುವವರೆಗೆ ನೋಡಿ ನಿಲ್ಲಿಸಿದರು. ಆಮೇಲೆ ಕಪಾಟಿನ ಕಡೆ ತಿರುಗಿದರು.

"ಇನ್ನ ಮೂವತ್ತೆಂಟು ಅದಾವ ತಮ್ಮಾ. ಕ್ಯಾಮೆರಾದ ಹೆಡ್ ಕ್ಲೀನಿಂಗ್ ಕ್ಯಾಸೆಟ್ ಎಲ್ಲಿ ಸಿಗ್ತೈತಿ?"